ಬದಲಿ ಹಾಜರಿ

ಪೂವಮ್ಮ ಟೀಚರ್ ಎಂದರೆ ನನಗೆ ಮೊದಲು ನೆನಪಾಗುವುದು ಅವರ ದನಿ. ಪೊನ್ನಂಪೇಟೆಯಿಂದ ಒಂದಿಷ್ಟು ಒಳಗಿರುವ ನಮ್ಮ ಹೈಸ್ಕೂಲಿನಲ್ಲಿ ಅವರು ಗಣಿತ ಹೇಳುತ್ತಾರೆ, ಪಕ್ಕದ ಕೋಣೆಯಲ್ಲಿ ನಾನು ಹಿಂದಿ ಹೇಳುತ್ತೇನೆ. ನಡುವಿನ ಗೋಡೆ ಮಾಡಿನವರೆಗೆ ಏರಿಲ್ಲ. ಕಟ್ಟಿದವನು ಅಷ್ಟಕ್ಕೇ ಕೈತೊಳೆದುಕೊಂಡಿದ್ದಾನೆ. ಹೀಗಾಗಿ ನನ್ನ ಮಕ್ಕಳು ಹಿಂದಿಯ ಜೊತೆಗೆ ಬೀಜಗಣಿತವನ್ನೂ ಪುಕ್ಕಟೆಯಾಗಿ ಕೇಳಿಸಿಕೊಳ್ಳುತ್ತಾ ಬಂದಿದ್ದಾರೆ. ಅವರಿಗೆ ಹಿಂದಿ ಎಷ್ಟು ಬಂತೋ ಹೇಳಲಾರೆ, ನನಗಂತೂ ಬೀಜಗಣಿತ ಸ್ವಲ್ಪ ಬಂತು.

ಟೀಚರಿಗೆ ಐವತ್ತು ದಾಟಿದೆ. ಮಂಡಿನೋವು ಬೇರೆ. ಸ್ಕೂಟರಿನಿಂದ ಇಳಿಯುವಾಗ ಒಮ್ಮೆ, ಶಾಲೆಯ ಮೆಟ್ಟಿಲು ಹತ್ತುವಾಗ ಒಮ್ಮೆ ದೇವರನ್ನು ಕರೆಯುತ್ತಾರೆ. ತರಗತಿಯೊಳಗೆ ಹೋದ ಮೇಲೆ ದೇವರ ಅಗತ್ಯವಿಲ್ಲ. ಮಕ್ಕಳ ಮೇಲೆ ಕೈ ಮಾಡಿದವರಲ್ಲ. ಲೆಕ್ಕ ತಪ್ಪಿದರೆ ಕನ್ನಡಕವನ್ನು ಹಣೆಗೇರಿಸಿ ಸುಮ್ಮನೆ ನೋಡುತ್ತಾರೆ. ಅದರ ಬದಲು ಎರಡು ಬಿಟ್ಟರೇ ವಾಸಿ ಎಂದು ಹುಡುಗರು ನನ್ನ ಹತ್ತಿರ ಗೊಣಗಿದ್ದುಂಟು.

ಮೊನ್ನೆ ಮಡಿಕೇರಿಯಲ್ಲಿ ನಮಗೆಲ್ಲ ಒಂದು ತರಬೇತಿ ಇತ್ತು. ದೂರದಿಂದ ಕಲಿಸುವುದರ ಲಾಭಗಳೇನು, ತೊಂದರೆಗಳೇನು, ಅನುಭವದಿಂದ ಹೇಳಿ ಎಂದರು. ಒಬ್ಬೊಬ್ಬರೂ ಎದ್ದು ನೆಟ್‌ವರ್ಕ್ ಅಂದರು, ಕರೆಂಟು ಅಂದರು, ಮಕ್ಕಳ ಕಣ್ಣಿಗೆ ಹಾಳು ಅಂದರು. ಒಬ್ಬರು ಕೊರೊನಾ ಬಂದದ್ದರಿಂದಲೇ ತಮಗೆ ಕಂಪ್ಯೂಟರ್ ಬಂತು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಪೂವಮ್ಮ ಟೀಚರ ಸರದಿ ಬಂದಾಗ ಅವರು ತಮಗೆ ಹೇಳುವುದೇನೂ ಇಲ್ಲ ಎಂದು ಕೂತುಬಿಟ್ಟರು. ನನಗೆ ರೇಗಿತು. ಇಡೀ ಸಭೆಯಲ್ಲಿ ಹೇಳುವಂಥದ್ದು ಇದ್ದದ್ದು ಅವರೊಬ್ಬರ ಹತ್ತಿರ. ನಾನಾದರೂ ಎದ್ದು ಹೇಳೋಣವೆಂದರೆ ಅಷ್ಟರಲ್ಲಿ ಟೀ ಬಂತು, ಟೀ ಬಂದ ಮೇಲೆ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೊರೊನಾ ಬಂದ ವರ್ಷ ಜೂನ್‌ನಲ್ಲಿ ಶಾಲೆ ತೆರೆಯಲಿಲ್ಲ. ಫೋನಿನಲ್ಲೇ ಪಾಠ ಮಾಡಿ ಎಂದು ಮೇಲಿನಿಂದ ಬಂತು. ಟೀಚರ ಮನೆಯ ಊಟದ ಮೇಜಿನ ಮೇಲೆ ಅಕ್ಕಿಯ ಡಬ್ಬಿ, ಡಬ್ಬಿಗೆ ಒರಗಿಸಿದ ಫೋನು, ಗೋಡೆಗೆ ಒರಗಿಸಿದ ಪುಟ್ಟ ಕರಿಹಲಗೆ. ಬರೆಯಲು ಹೋದರೆ ಅವರ ತಲೆಯೇ ಅಡ್ಡ ಬರುತ್ತಿತ್ತು, ಸರಿದು ನಿಂತರೆ ಹಲಗೆ ಮಿಂಚಿ ಅಕ್ಷರ ಕಾಣುತ್ತಿರಲಿಲ್ಲ. ಅವರ ಗಂಡ ಬೊಳ್ಳಪ್ಪನವರು ಪಾಠ ಮುಗಿಯುವವರೆಗೆ ಅಡಿಗೆಮನೆಯಲ್ಲಿ ಪಾತ್ರೆ ಸದ್ದಾಗದಂತೆ ಕಳ್ಳನ ಹಾಗೆ ಓಡಾಡುತ್ತಿದ್ದರಂತೆ.

ಮಕ್ಕಳ ಡೇಟಾ ಉಳಿಯಲಿ ಎಂದು ವಿಡಿಯೊ ಆಫ್ ಮಾಡಿಸಿದ್ದರು. ಹಾಗಾಗಿ ಟೀಚರ ಎದುರಿಗೆ ಇದ್ದದ್ದು ಬರೀ ಹೆಸರುಗಳು. ಅವರು ಮುಖ ನೋಡಿ ಪಾಠ ಹೇಳುವ ಹೆಂಗಸು. ತಿಳಿಯದ ಹುಡುಗ ಕಿವಿ ಕೆರೆದುಕೊಳ್ಳುತ್ತಾನೆ, ತಿಳಿಯದ ಹುಡುಗಿ ಪಕ್ಕದವಳ ಪುಸ್ತಕಕ್ಕೆ ಇಣುಕುತ್ತಾಳೆ, ಅದನ್ನು ಕಂಡರೆ ಅವರು ಅದೇ ಲೆಕ್ಕವನ್ನು ಇನ್ನೊಂದು ದಾರಿಯಿಂದ ಹೇಳುತ್ತಾರೆ. ಫೋನಿನಲ್ಲಿ ಯಾರು ಕಿವಿ ಕೆರೆದುಕೊಂಡರೆಂದು ಹೇಗೆ ತಿಳಿಯಬೇಕು? "ಅರ್ಥ ಆಯ್ತಾ?" ಎಂದು ಕೇಳಿ ಕಾಯುತ್ತಿದ್ದರು. ಯಾವುದೋ ಮನೆಯ ಕೋಳಿ ಕೂಗುತ್ತಿತ್ತು, ಅಷ್ಟೇ. ಪಾಠ ಮುಗಿದ ಮೇಲೆ ನನಗೆ ಫೋನ್ ಮಾಡಿ, ಶಾಲೆಯಲ್ಲಿ ದಿನವೆಲ್ಲ ನಿಂತರೂ ಇಷ್ಟು ಸುಸ್ತಾಗುತ್ತಿರಲಿಲ್ಲ ಮಂಜುನಾಥ್ ಸರ್, ಈಗ ಕೂತೇ ಸಾಕಾಗುತ್ತದೆ ಎನ್ನುತ್ತಿದ್ದರು.

ಒಳ್ಳೆಯದು ಏನೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ತರಗತಿಯಲ್ಲಿ ಬಾಯಿ ತೆರೆಯಲು ಹೆದರುತ್ತಿದ್ದ, ಮಾತು ತೊದಲುವ ರಾಜು ಎಂಬ ಹುಡುಗ ಫೋನಿನಲ್ಲಿ ಟೈಪ್ ಮಾಡಿ ಎಲ್ಲರಿಗಿಂತ ಮೊದಲು ಉತ್ತರ ಕಳಿಸುತ್ತಿದ್ದ. ಶನಿವಾರಸಂತೆಯ ಅಜ್ಜಿಮನೆಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದ ಲಿಖಿತಾ ಒಂದು ಪಾಠವನ್ನೂ ಕಳೆದುಕೊಳ್ಳಲಿಲ್ಲ. ನನ್ನ ಹಿಂದಿ ಕ್ಲಾಸಿನ ಕತೆ ಮಾತ್ರ ಕೇಳಬೇಡಿ. ಒಂದು ದಿನ ಇಬ್ಬರೇ ಬಂದಿದ್ದರು, ಅದರಲ್ಲೊಬ್ಬ ಗಣಿತದ ಕ್ಲಾಸೆಂದು ತಪ್ಪಿ ಬಂದವನು. ಇನ್ನೊಬ್ಬಳು ಸಿದ್ದಿ.

ಸಿದ್ದಿ ಹತ್ತನೇ ತರಗತಿಯ ಹುಡುಗಿ, ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್‌ಮನೆಯವಳು. ಅವರ ಕಡೆ ಹತ್ತನೇ ತರಗತಿಯವರೆಗೆ ಬಂದ ಮೊದಲ ಹೆಣ್ಣುಮಗು. ಅಪ್ಪ ಕೆಂಚ ಮರಗಸಿ ಮಾಡುತ್ತಾನೆ, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುತ್ತಾನೆ. ಅವ್ವ ಮುದ್ದಿ ಕಳೆ ತೆಗೆಯುವುದು, ಕಾಫಿ ಕುಯ್ಯುವುದು ಎಲ್ಲಕ್ಕೂ ಹೋಗುತ್ತಾಳೆ. ಲೈನ್‌ಗಳ ಹತ್ತಿರ ಸಿಗ್ನಲ್ ಇಲ್ಲ. ಮೇಲಿನ ಬಂಡೆ ಹತ್ತಿದರೆ ಮಾತ್ರ ಸಿಗುತ್ತದೆ. ಒಂಬತ್ತನೆಯಲ್ಲಿ ಸಿದ್ದಿ ಮಾತು ಕಡಿಮೆ, ಲೆಕ್ಕ ಚುರುಕು. ಈ ಹುಡುಗಿಯನ್ನು ಎಸ್ಸೆಸ್ಸೆಲ್ಸಿ ದಾಟಿಸಿಯೇ ತೀರುತ್ತೇನೆ ಎಂದು ಟೀಚರ್ ಆಗಲೇ ಹಟ ಹಿಡಿದಿದ್ದರು. ನಮ್ಮ ಕಡೆ ಲೈನಿನ ಮಕ್ಕಳು ಶಾಲೆ ಬಿಡಲು ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ. ಕಾಫಿ ಕುಯ್ಯುವ ಒಂದು ಪಿಕ್ಕಿಂಗ್ ಸೀಸನ್ ಸಾಕು.

ಆದ್ದರಿಂದಲೇ ದಿನವೂ ಹಾಜರಿ ಕರೆಯುವಾಗ ಸಿದ್ದಿಯ ಹೆಸರಿಗೆ "ಹಾಜರ್ ಟೀಚರ್" ಎಂದು ಬಂದರೆ ಅವರ ದಿನ ಸಾರ್ಥಕ. ಗರಗರ ಸದ್ದಿನ ನಡುವೆ ಬರುವ ಸಣ್ಣ ದನಿ. ಮಳೆಯಿರಲಿ ಬಿಸಿಲಿರಲಿ ಬಂದೇ ಬರುತ್ತಿತ್ತು. ಕೆಲವು ತಿಂಗಳಾದ ಮೇಲೆ ಪ್ರಶ್ನೆ ಕೇಳಿದರೆ ಮಾತ್ರ ಉತ್ತರ ಬರುವುದು ನಿಂತಿತು. ಬಂಡೆಯ ಮೇಲೆ ಗಾಳಿ, ಪಾಪ, ಕೇಳಿಸುತ್ತಿಲ್ಲ ಎಂದುಕೊಳ್ಳುತ್ತಿದ್ದರು. ಮನೆಲೆಕ್ಕದ ಫೋಟೊ ಸಿದ್ದಿಯದೇ ಅಕ್ಷರದಲ್ಲಿ ಬರುತ್ತಿತ್ತು. ಅಕ್ಟೋಬರ್ ಕಳೆದ ಮೇಲೆ ಅದು ಅರ್ಧರ್ಧಕ್ಕೇ ನಿಲ್ಲತೊಡಗಿತು, ಅದನ್ನೂ ಟೀಚರ್ ನೆಟ್‌ವರ್ಕಿನ ತಲೆಗೇ ಕಟ್ಟಿದರು. ಆ ವರ್ಷ ನಾವು ಎಲ್ಲವನ್ನೂ ಅದರ ತಲೆಗೇ ಕಟ್ಟುತ್ತಿದ್ದೆವು.

ಡಿಸೆಂಬರಿನಲ್ಲಿ ನಮ್ಮ ಹೆಡ್‌ಮಾಸ್ಟರ್ ನಂಜಪ್ಪನವರಿಗೆ ಒಂದು ಉಮೇದು ಬಂತು. ಆನ್‌ಲೈನ್ ಪಾಠ ಚೆನ್ನಾಗಿ ನಡೆದಿದೆ ಎಂದು ತೋರಿಸಲು ಒಬ್ಬ ವಿದ್ಯಾರ್ಥಿಯ ಫೋಟೊ ಬೇಕು, ಲೈನಿನ ಮಗು, ಬಂಡೆಯ ಮೇಲೆ ಕೂತು ಕಲಿಯುತ್ತಿದ್ದಾಳೆ, ಇದಕ್ಕಿಂತ ಇನ್ನೇನು ಬೇಕು ಎಂದರು. ಪೂವಮ್ಮ ಟೀಚರ್ ಸ್ಕೂಟರ್ ಹತ್ತಿ ಹೋದರು. ಪಾಠ ತಪ್ಪಬಾರದಲ್ಲ, ಬಂಡೆಯನ್ನು ಅರ್ಧ ಹತ್ತಿ, ಸಿಗ್ನಲ್ ಸಿಕ್ಕಲ್ಲೇ ನಿಂತು ಫೋನಿನಲ್ಲಿ ಕ್ಲಾಸು ಶುರು ಮಾಡಿದರು. ಹಾಜರಿ ಕರೆಯುತ್ತಲೇ ಮಂಡಿ ಹಿಡಿದುಕೊಂಡು ಮೇಲೆ ಹತ್ತಿದರು. ಅವರು ಹೇಳಿದ್ದೆಲ್ಲ ಒಂದು ಗಳಿಗೆ ತಡವಾಗಿ ಮೇಲಿನಿಂದ ಅವರಿಗೇ ಕೇಳಿಬರುತ್ತಿತ್ತು. ನನ್ನ ದನಿ ಇಷ್ಟು ಸೋತಿದೆಯೆಂದು ನನಗೇ ಗೊತ್ತಿರಲಿಲ್ಲ ಎಂದು ಆಮೇಲೆ ಹೇಳಿದರು.

ಮೇಲೆ ಸಿದ್ದಿ ಇರಲಿಲ್ಲ. ಎಡಗೈಗೆ ಬಟ್ಟೆ ಸುತ್ತಿ ಕುತ್ತಿಗೆಗೆ ಜೋಲಿ ಕಟ್ಟಿಕೊಂಡ ಮುದ್ದಿ ಬಂಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಎದುರಿಗೆ ಕಲ್ಲಿಗೊರಗಿಸಿದ ಫೋನು. ಟೀಚರ್ ಸಿದ್ದಿಯ ಹೆಸರು ಕರೆದಾಗ ಮುದ್ದಿ ಫೋನಿನ ಕಡೆ ಬಗ್ಗಿ, ಬೆರಳಿನಿಂದ ಅದನ್ನು ಮುಟ್ಟಿ "ಹಾಜರ್ ಟೀಚರ್" ಎಂದಳು. ಹಿಂದೆ ಯಾರೋ ನಿಂತಂತಾಗಿ ತಿರುಗಿದವಳು ಟೀಚರನ್ನು ಕಂಡು ಎದ್ದು ನಿಂತಳು. ಗಾಬರಿಯೇನೂ ಇರಲಿಲ್ಲ. ಸಂತೋಷವೇ ಆಗಿತ್ತಂತೆ.

ಆದದ್ದು ಇಷ್ಟು. ಆ ಎಸ್ಟೇಟಿನಲ್ಲಿ ಒಂದು ಲೈನ್‌ಮನೆಯಿಂದ ಎರಡು ಆಳು ಕೆಲಸಕ್ಕೆ ಬರಬೇಕು, ಬಾರದಿದ್ದರೆ ಮನೆ ಬಿಡಬೇಕು. ಮುದ್ದಿ ಅಕ್ಟೋಬರಿನಲ್ಲಿ ಸೌದೆ ಹೊತ್ತು ಬರುವಾಗ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ನಾಟಿ ಮದ್ದಿನವರು ಕಟ್ಟಿದ ಕಟ್ಟು ಸರಿಯಾಗಿ ಕೂಡಲಿಲ್ಲ. ಒಬ್ಬರಿಗೆ ಆಗದಿದ್ದರೆ ಅದೇ ಮನೆಯ ಇನ್ನೊಬ್ಬರು ಬದಲಿ ಬರುವುದು ಎಸ್ಟೇಟುಗಳಲ್ಲಿ ಇದ್ದದ್ದೇ. ಬೆಳಗಿನ ಹಾಜರಿಯಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಹೆಸರು ಕರೆದಾಗ ಮನೆಯವರೊಬ್ಬರು ಓ ಎಂದರಾಯಿತು, ಹೆಸರು ಪುಸ್ತಕದಿಂದ ಬೀಳುವುದಿಲ್ಲ. ಮುದ್ದಿಯ ಬದಲಿ ಸಿದ್ದಿ ಹೋದಳು. ಸಿದ್ದಿಗೂ ಒಂದು ಹಾಜರಿ ಇತ್ತಲ್ಲ, ಫೋನಿನಲ್ಲಿ, ದಿನವೂ ಹೆಸರು ಕರೆಯುವಂಥದ್ದು? ಅದಕ್ಕೆ ಮುದ್ದಿ ಬಂದಳು.

"ಹೆಸ್ರು ಬಿದ್ದೋಗ್ಬಾರ್ದು ಅಂತ ಒಂದಿನಾನೂ ತಪ್ಸಿಲ್ಲ ಟೀಚರಮ್ಮ," ಎಂದಳು ಮುದ್ದಿ. "ಅವ್ಳು ನನ್ ಬದ್ಲಿ ಕಾಫಿ ಕುಯ್ತಾವ್ಳೆ, ನಾನು ಅವ್ಳ್ ಬದ್ಲಿ ಇಲ್ಲಿ ಕೂರ್ತೀನಿ. ಹಿಂದಿ ಮೇಷ್ಟ್ರುದೂ ಬಿಟ್ಟಿಲ್ಲ. ಹೆಸ್ರು ಐತಲ್ವಾ?"

ಸುಮ್ಮನೆ ಹೆಸರು ಹೇಳಿ ಫೋನು ಆರಿಸಿ ಹೋಗಬಹುದಿತ್ತಲ್ಲ. ಅವಳು ಹೋಗುತ್ತಿರಲಿಲ್ಲ. ಹಾಜರಿ ಕೊಟ್ಟು ಕೆಲಸದ ನಡುವೆ ಎದ್ದು ಹೋದರೆ ಅದು ಮೋಸ ಎನ್ನುವುದು ಅವಳಿಗೆ ಗೊತ್ತು. ತನಗೊಂದು ಅಕ್ಷರವೂ ತಿಳಿಯದ ಪಾಠವನ್ನು ಮುರಿದ ಕೈ ಇಟ್ಟುಕೊಂಡು ಬಂಡೆ ಹತ್ತಿ ಕೂತು ಕೊನೆಯವರೆಗೆ ಕೇಳಿ ಇಳಿಯುತ್ತಿದ್ದಳು. ಇದನ್ನು ಕೇಳಿದಾಗ ನನಗೆ ಮೊದಲು ಬಂದದ್ದು ನಗು. ಹಾಗಾದರೆ ನನ್ನ ಹಿಂದಿ ಕ್ಲಾಸಿನಲ್ಲಿ ಆ ದಿನ ನಿಜವಾಗಿ ಇದ್ದ ವಿದ್ಯಾರ್ಥಿ ತಪ್ಪಿ ಬಂದವನೊಬ್ಬನೇ. ಆಮೇಲೆ ನಗು ನಿಂತಿತು.

ಟೀಚರ್ ಅಲ್ಲೇ ತಿಳಿಸಿ ಹೇಳಬೇಕಿತ್ತು. ಶಾಲೆಗೆ ಬದಲಿ ನಡೆಯುವುದಿಲ್ಲ, ಪಾಠ ಅವಳ ತಲೆಗೇ ಹೋಗಬೇಕು, ಹೀಗಾದರೆ ಪರೀಕ್ಷೆಯಲ್ಲಿ ಹುಡುಗಿ ಏನು ಬರೆದಾಳು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅವರ ಕೈಯಲ್ಲಿದ್ದ ಫೋನಿನೊಳಗೆ ಉಳಿದ ಮಕ್ಕಳು ಕಾಯುತ್ತಿದ್ದರು. ಬಂಡೆ ಹತ್ತಿ ಏದುಸಿರು ಬರುತ್ತಿತ್ತು. "ಹೆಸರು ಇದೆ, ಮುದ್ದಿ" ಎಂದಷ್ಟೇ ಹೇಳಿ, ಅವಳ ಪಕ್ಕದಲ್ಲೇ ಕೂತು ಪಾಠ ಮುಗಿಸಿ ಇಳಿದು ಬಂದರು. ಫೋಟೊ ತೆಗೆಯಲಿಲ್ಲ. ಹುಡುಗಿ ಸಿಗಲಿಲ್ಲ ಎಂದು ನಂಜಪ್ಪನವರಿಗೆ ಹೇಳಿದರು, ಅದು ಸುಳ್ಳೂ ಅಲ್ಲ.

ಅಂದಿನಿಂದ ಸಿದ್ದಿಗೆಂದೇ ಪಾಠವನ್ನು ಮಾತಿನಲ್ಲಿ ರೆಕಾರ್ಡ್ ಮಾಡಿ ಕಳಿಸತೊಡಗಿದರು. ಮುದ್ದಿ ಬಂಡೆಯ ಮೇಲೆ ಕೂತಾಗ ಅದು ಫೋನಿಗೆ ಇಳಿಯುತ್ತಿತ್ತು, ಸಿದ್ದಿ ಕೆಲಸದಿಂದ ಬಂದು ಒಲೆಯ ಮುಂದೆ ಕೇಳುತ್ತಿದ್ದಳು. ಬರೀ ಕಿವಿಗೆ ಗಣಿತ ಹೇಳುವುದೆಂದರೆ ಹುಡುಗಾಟವಲ್ಲ. ಗೆರೆಯಿಲ್ಲ, ಆಕೃತಿಯಿಲ್ಲ, ಎಲ್ಲವನ್ನೂ ಬಾಯಲ್ಲೇ ಬಿಡಿಸಬೇಕು. ಟೀಚರ ಗಂಟಲು ಕಟ್ಟಿತು. ಸಿದ್ದಿಯಿಂದ ಒಮ್ಮೆ ಒಂದು ಪ್ರಶ್ನೆ ಬಂತು, ಒಮ್ಮೆ ಸರಿಯಾದ ಉತ್ತರವೂ ಬಂತು, ಆ ದಿನ ಟೀಚರ್ ನನಗೆ ಫೋನ್ ಮಾಡಿ ಅದನ್ನು ಓದಿ ಹೇಳಿದರು. ಆಮೇಲೆ ಏನೂ ಬರಲಿಲ್ಲ. ದಿನವಿಡೀ ಕಾಫಿ ಕುಯ್ದು, ಮೂಟೆ ಹೊತ್ತು ತೂಕಕ್ಕೆ ಹಾಕಿ ಬಂದ ಮಗು ಎಷ್ಟು ಹೊತ್ತು ಕಣ್ಣು ಬಿಟ್ಟಿರಬಲ್ಲುದು? ಇನ್ನೇನು ಶಾಲೆ ತೆರೆಯುತ್ತದೆ, ಎದುರಿಗೆ ಕೂರಿಸಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಟೀಚರ್ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಹೊಸ ವರ್ಷದ ಮೊದಲ ದಿನ ಹತ್ತನೆಯವರಿಗೆ ಶಾಲೆ ತೆರೆಯಿತು. ಮಾಸ್ಕು, ಸ್ಯಾನಿಟೈಸರು, ಹಣೆಗೆ ಹಿಡಿಯುವ ಥರ್ಮಾಮೀಟರು, ಬೆಂಚಿಗೆ ಒಬ್ಬೊಬ್ಬರು. ಮುಖಗಳನ್ನು ನೋಡಲು ಅಷ್ಟು ತಿಂಗಳು ಕಾದ ಪೂವಮ್ಮ ಟೀಚರಿಗೆ ಸಿಕ್ಕಿದ್ದು ಬರೀ ಕಣ್ಣುಗಳು. ಹಾಜರಿ ಪುಸ್ತಕ ತೆರೆದು ಕರೆಯತೊಡಗಿದರು. ಗೋಡೆಯ ಈಚೆ ನಾನೂ ಕೇಳುತ್ತಿದ್ದೆ. ಸಿದ್ದಿಯ ಹೆಸರು ಬಂತು. ಹಿಂದಿನ ಬೆಂಚಿನಿಂದ "ಹಾಜರ್ ಟೀಚರ್" ಎಂಬ ಅದೇ ಸಣ್ಣ ದನಿ. ಮುಂದಿನ ಹೆಸರು ಬರಲೇ ಇಲ್ಲ. ನಾನೆದ್ದು ಬಾಗಿಲಿಗೆ ಬಂದೆ.

ಕೊನೆಯ ಬೆಂಚಿನಲ್ಲಿ ಮುದ್ದಿ ಕೂತಿದ್ದಳು. ಒಗೆದ ಸೀರೆ, ಸೆರಗನ್ನೇ ಮುಖಕ್ಕೆ ಅಡ್ಡ ಕಟ್ಟಿದ್ದಳು. ಬಾಗಿಲಲ್ಲಿ ಯಾರದೋ ತಾಯಿ ಎಂದು ಒಳಗೆ ಬಿಟ್ಟಿದ್ದಾರೆ. ಕೈಗೆ ಜೋಲಿಯಿರಲಿಲ್ಲ, ಆದರೆ ಮುಂಗೈ ಓರೆಯಾಗಿ ಕೂಡಿಕೊಂಡಿತ್ತು. ರೊಬಸ್ಟಾ ಕಾಫಿಯ ಕುಯ್ಲು ಶುರುವಾಗಿದೆ, ಈಗ ಆಳು ತಪ್ಪಿದರೆ ರೈಟರ್ ಬಿಡುವುದಿಲ್ಲ, ಅದಕ್ಕೇ ಸಿದ್ದಿ ಅಲ್ಲಿ, ತಾನು ಇಲ್ಲಿ ಎಂದಳು. ಹುಡುಗರು ಕಿಸಕ್ಕನೆ ನಕ್ಕರು. ಟೀಚರ್ ಕನ್ನಡಕ ಹಣೆಗೇರಿಸಿ ನೋಡಿದರು. ನಗು ನಿಂತಿತು.

ಅವರು ಮುದ್ದಿಯ ಬೆಂಚಿನ ತುದಿಯಲ್ಲಿ ಹೋಗಿ ಕೂತರು. ಬಂಡೆಯ ಮೇಲೆ ಹೇಳದೆ ಬಿಟ್ಟದ್ದನ್ನು ಈಗ ಹೇಳಿದರು.

"ಇಲ್ಲಿ ಬದಲಿ ನಡೆಯುವುದಿಲ್ಲ ಮುದ್ದಿ. ಪರೀಕ್ಷೆಗೆ ಅವಳೇ ಕೂರಬೇಕು, ಪಾಠಾನೂ ಅವಳೇ ಕೇಳಬೇಕು. ಇಷ್ಟು ದಿನ ನೀನು ಕೂತದ್ದು ಅವಳಿಗೆ ಸಿಗಲಿಲ್ಲ. ನಾನು ಅವತ್ತೇ ಹೇಳಬೇಕಿತ್ತು."

ಅಷ್ಟು ದಿನ ಬಂಡೆ ಹತ್ತಿ ಇಳಿದದ್ದೆಲ್ಲ ಲೆಕ್ಕಕ್ಕಿಲ್ಲ ಎಂಬುದು ಮುದ್ದಿಗೆ ಆಗಷ್ಟೇ ತಿಳಿಯುತ್ತಿತ್ತು. ಅವಳ ಮುಖ ನೋಡಲು ನನಗಾಗಲಿಲ್ಲ.

"ಮತ್ತೆ ಅಲ್ಲಿಗೆ ಯಾರ್ ಹೋಗದು ಟೀಚರಮ್ಮ?" ಎಂದಳು, ಓರೆಯಾದ ಕೈಯನ್ನು ಮಡಿಲಲ್ಲಿಟ್ಟುಕೊಂಡು. "ಈ ಕೈಯಾಗೆ ರೆಂಬೆ ಹಿಡಿಯಕ್ಕಾಗಲ್ಲ. ಮನೆ ಬಿಡು ಅಂದ್ರೆ ಅವ್ಳು ಎಲ್ಲಿಂದ ಇಸ್ಕೂಲಿಗೆ ಬರ್ತಾಳೆ?"

ಸಂಜೆ ಟೀಚರ್ ಎಸ್ಟೇಟಿನ ರೈಟರ್ ಲೋಕೇಶನಿಗೆ ಹೇಳಿ ನೋಡಿದರು. ಅವನು ನಮ್ಮ ಶಾಲೆಯಲ್ಲೇ ಓದಿದವನು, ಅವರ ಹತ್ತಿರ ಗಣಿತ ಕಲಿತವನು. ಹುಡುಗಿಯನ್ನು ಕೆಲಸಕ್ಕೆ ಬಿಟ್ಟುಕೊಳ್ಳುವುದು ತಪ್ಪಲ್ಲವೇ ಎಂದು ಕೇಳಿದರೆ, ತನ್ನ ಪುಸ್ತಕದಲ್ಲಿರುವುದು ಮುದ್ದಿಯ ಹೆಸರು, ಹುಡುಗಿಯದಲ್ಲ ಎಂದ. ಮುದ್ದಿಗೆ ಕಣದಲ್ಲಿ ಕಾಫಿ ಹರವುವ ಹಗುರ ಕೆಲಸ ಕೊಡಬಾರದೇ ಎಂದರೆ, ಕಣಕ್ಕೆ ಆಳು ಭರ್ತಿಯಿದೆ, ಕುಯ್ಯಲಿಕ್ಕೆ ಕೈ ಬೇಕು, ಯಾರಾದರೂ ಬದಲಿ ಕಳಿಸಲಿ, ಧಣಿಗಳ ಮಾತು ಮೀರಿ ತಾನೇನೂ ಮಾಡುವ ಹಾಗಿಲ್ಲ ಎಂದ. ಬಹಳ ಗೌರವದಿಂದಲೇ ಹೇಳಿದ. ಅವರಿಗೆ ವಾದ ಮಾಡಲು ತ್ರಾಣವಿರಲಿಲ್ಲ. ರಾತ್ರಿ ನನಗೆ ಫೋನ್ ಬಂತು. "ಮಂಜುನಾಥ್ ಸರ್, ನಾಳೆ ನನ್ನ ಪೀರಿಯಡ್ ನೀವು ನೋಡಿಕೊಳ್ಳಿ" ಎಂದರು. ಮಂಡಿನೋವಿರಬೇಕೆಂದು ನಾನು ಹೂಂ ಎಂದೆ.

ಮರುದಿನ ಬೆಳಗಿನ ಹಾಜರಿಗೆ ಪೂವಮ್ಮ ಟೀಚರ್ ಎಸ್ಟೇಟಿಗೆ ಹೋಗಿ ಆಳುಗಳ ಸಾಲಿನಲ್ಲಿ ನಿಂತರು. ಬೊಳ್ಳಪ್ಪನವರ ಹಳೆಯ ಅಂಗಿ ಮೇಲೆ ತೊಟ್ಟು, ಸೊಂಟಕ್ಕೆ ಚೀಲ ಕಟ್ಟಿದ್ದರು. ಲೋಕೇಶ ಮುದ್ದಿಯ ಹೆಸರು ಕರೆದಾಗ ಅವರು ಓ ಎಂದರು. ಅವನು ತಲೆಯೆತ್ತಿದವನು ಬೆವೆತು ಹೋದ. ಟೀಚರ್, ಏನಿದು, ಹೊರಡಿ, ನನ್ನ ಮರ್ಯಾದೆ ತೆಗೆಯಬೇಡಿ ಎಂದು ಅಂಗಲಾಚಿದ. ನೀನೇ ಬದಲಿ ಕಳಿಸು ಅಂದೆಯಲ್ಲ ಎಂದರು ಟೀಚರ್. ಯಾರ ಮೇಲೂ ಸಿಟ್ಟಿನಿಂದ ಹೋದವರಲ್ಲ ಅವರು. ಬೇರೆ ದಾರಿ ಕಾಣಲಿಲ್ಲ, ಅಷ್ಟೆ. ಸಾಲಿನಲ್ಲಿದ್ದ ಸಿದ್ದಿಯನ್ನು ಶಾಲೆಗೆ ಹೋಗು ಎಂದು ಕಳಿಸಿದರು.

ಲೋಕೇಶ ಧಣಿಗಳನ್ನು ಕೇಳುತ್ತೇನೆಂದು ಫೋನ್ ಹಿಡಿದು ಓಡಿದ. ಸಿಗ್ನಲ್ ಇಲ್ಲ. ಬಂಡೆ ಹತ್ತಿದ, ಸಿಗ್ನಲ್ ಬಂತು, ಧಣಿಗಳು ಇದ್ದ ಕಡೆ ಸಿಗ್ನಲ್ ಇರಲಿಲ್ಲ. ಅವನಿಗೆ ಉತ್ತರ ಸಿಗುವವರೆಗೆ ಟೀಚರ್ ಕಾಫಿ ಕುಯ್ದರು. ಬೆರಳು ಗೀರಿತು, ಕೆಂಜಿಗ ಕಚ್ಚಿತು, ಮಂಡಿ ಊದಿತು. ಕೊನೆಗೆ ಧಣಿಗಳು ಸಿಕ್ಕಿ, ಹೈಸ್ಕೂಲಿನ ಟೀಚರ್ ತಮ್ಮ ತೋಟದಲ್ಲಿ ಕಾಫಿ ಕುಯ್ಯುತ್ತಿದ್ದಾರೆಂದು ಕೇಳಿ, ಮೊದಲು ಅವರನ್ನು ಮನೆಗೆ ಕಳಿಸು, ಆ ಹೆಂಗಸಿಗೆ ಕಣದಲ್ಲಿ ಕೆಲಸ ಕೊಡು ಎಂದರಂತೆ. ಕರುಣೆಗಿಂತ ನಾಚಿಕೆ ಹೆಚ್ಚಿತ್ತೆಂದು ನನ್ನ ಅನಿಸಿಕೆ. ಯಾವುದಾದರೇನು.

ಇತ್ತ ನಾನು ಗಣಿತದ ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದೆ. ಸಿದ್ದಿಯ ಹೆಸರು ಕರೆದೆ. ಹಿಂದಿನ ಬೆಂಚಿನ ಹುಡುಗಿ ಸುಮ್ಮನೆ ಕೂತಿದ್ದಳು. ಇನ್ನೊಮ್ಮೆ ಕರೆದಾಗ ಬೆಚ್ಚಿ, ಓ ಎಂದಳು, ತೋಟದಲ್ಲಿ ಅನ್ನುವ ಹಾಗೆ. ಮಕ್ಕಳು ನಗಲಿಲ್ಲ. ನಾನು ಹಲಗೆಯ ಮೇಲೆ ಗೋಡೆಯಾಚೆಯಿಂದ ಕಲಿತಿದ್ದ ಒಂದೆರಡು ಸಮೀಕರಣ ಬರೆದೆ. ತಿರುಗಿ ನೋಡುವಷ್ಟರಲ್ಲಿ ಸಿದ್ದಿ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಬೆರಳ ಸಂದಿಗಳಲ್ಲಿ ಕಾಫಿಯ ಕಪ್ಪು ಕರೆ ಹಾಗೇ ಇತ್ತು.

ಮಧ್ಯಾಹ್ನ ಕಳೆದ ಮೇಲೆ ಪೂವಮ್ಮ ಟೀಚರ್ ಬಂದರು. ಸೀರೆ ಬದಲಾಯಿಸಿ ಬಂದಿದ್ದರು, ಆದರೆ ಅವರ ಬೆರಳಿಗೂ ಅದೇ ಕರೆ ಹತ್ತಿತ್ತು. ಮೆಟ್ಟಿಲಲ್ಲಿ ಎರಡು ಸಲ ದೇವರನ್ನು ಕರೆದರು. ತರಗತಿಗೆ ಬಂದು ನೋಡಿದರೆ ಹುಡುಗಿ ಇನ್ನೂ ಮಲಗಿದ್ದಳು. ಉಳಿದ ಮಕ್ಕಳು ಅವಳಿಗೆ ಎಚ್ಚರವಾಗದಂತೆ ಪಿಸುಗುಟ್ಟುತ್ತಿದ್ದರು. ಎಬ್ಬಿಸಲೇ ಎಂದು ನಾನು ಕೇಳಿದೆ.

"ಬೇಡ ಸರ್, ಮಲಗಲಿ," ಎಂದರು ಟೀಚರ್, ಕುರ್ಚಿಯಲ್ಲಿ ಕುಸಿದು ಕೂರುತ್ತಾ. "ಇವತ್ತು ಅವಳೇ ಬಂದಿದ್ದಾಳೆ."